ಇಪ್ಪತ್ತರ ಊಟ, ನಲವತ್ತರ ಹೃದಯಾಘಾತ

ಹೃದಯಾಘಾತವು ಅರವತ್ತು ದಾಟಿದವರ ಕಾಯಿಲೆ ಎಂಬ ನಂಬಿಕೆ ರಾಜ್ಯದಲ್ಲಿ ಈಗ ಉಳಿದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಯುವಕರ ಸಾಲು ಬೆಳೆಯಿತು. 2025ರ ಮೇ ಅಂತ್ಯದಿಂದ ಸುಮಾರು 40 ದಿನಗಳ ಅವಧಿಯಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ, ಅವರಲ್ಲಿ ಹಲವರು ಯುವಜನರೆಂಬ ವರದಿಗಳು ಬಂದಾಗಲೂ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳಲ್ಲಿ ಅದೇ ದೃಶ್ಯ ಮರುಕಳಿಸಿತು.

ಇಂಥ ಆತಂಕ ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ಇಸಿಜಿ ಸಹಜವಾಗಿದೆ ಎಂಬ ಮಾತು ಕೇಳಿ ನಿಟ್ಟುಸಿರು ಬಿಟ್ಟವರು ಮತ್ತೆ ಹಳೆಯ ದಿನಚರಿಗೆ ಮರಳುತ್ತಾರೆ. ಆದರೆ ಒಂದು ದಿನದ ಇಸಿಜಿ ಆ ಹೊತ್ತಿನ ಹೃದಯದ ಬಡಿತವನ್ನು ತಿಳಿಸಬಲ್ಲದೇ ಹೊರತು, ರಕ್ತನಾಳದ ಒಳಗೋಡೆಯಲ್ಲಿ ನಿಧಾನವಾಗಿ ನಡೆಯುತ್ತಿರುವ ಬದಲಾವಣೆಯನ್ನಲ್ಲ. ಆ ಬದಲಾವಣೆ ಹತ್ತು–ಇಪ್ಪತ್ತು ವರ್ಷಗಳ ಕಾಲ ಸದ್ದಿಲ್ಲದೆ ಸಾಗುತ್ತದೆ. ಅದರ ವೇಗವನ್ನು ನಿರ್ಧರಿಸುವ ಅಂಶಗಳಲ್ಲಿ ದಿನನಿತ್ಯದ ಊಟ–ತಿಂಡಿಯೂ ಒಂದು. ಹಬ್ಬದ ದಿನದ ಒಬ್ಬಟ್ಟಾಗಲಿ, ಮದುವೆ ಮನೆಯ ಬಿರಿಯಾನಿಯಾಗಲಿ ಇಲ್ಲಿ ಮುಖ್ಯವಲ್ಲ. ವರ್ಷದ ಉಳಿದ ದಿನಗಳಲ್ಲಿ ತಟ್ಟೆಗೆ ಬೀಳುವುದು ಏನು ಎಂಬುದೇ ಮುಖ್ಯ.

ಕಾಯಿಲೆಯ ಆರಂಭ ಎಂದು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳಗಳಿಗೆ ಪರಿಧಮನಿಗಳೆಂದು ಹೆಸರು. ರಕ್ತದಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಕರೆಯಲಾಗುವ ಎಲ್‌ಡಿಎಲ್ ಕಣಗಳು ಹೆಚ್ಚಾದಾಗ ಅವು ಈ ನಾಳಗಳ ಒಳಪದರದೊಳಕ್ಕೆ ನುಸುಳುತ್ತವೆ. ಅವನ್ನು ನುಂಗಲು ಬರುವ ರಕ್ಷಕ ಕಣಗಳು ಕೊಬ್ಬು ತುಂಬಿಕೊಂಡು ಅಲ್ಲಿಯೇ ಉಳಿಯುತ್ತವೆ. ಮೊದಲು ಹಳದಿ ಬಣ್ಣದ ಕೊಬ್ಬಿನ ಗೆರೆಗಳು ಮೂಡುತ್ತವೆ. ವರ್ಷಗಳು ಉರುಳಿದಂತೆ ಅವು ದಪ್ಪವಾಗಿ ಪ್ಲೇಕ್ ಎಂಬ ದಿಬ್ಬಗಳಾಗುತ್ತವೆ. ದಿಬ್ಬದ ಮೇಲ್ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಇದೇ ಹೃದಯಾಘಾತ.

ನಾಳ ಅರ್ಧದಷ್ಟೂ ಕಿರಿದಾಗದೆ ಇರುವಾಗಲೇ ಮೃದುವಾದ ದಿಬ್ಬವೊಂದು ಬಿರಿಯುವುದುಂಟು. ‘ನಿನ್ನೆಯವರೆಗೂ ಚೆನ್ನಾಗಿಯೇ ಇದ್ದ’ ಎಂದು ಮನೆಯವರು ಹೇಳುವ ಅನೇಕ ಪ್ರಕರಣಗಳ ಹಿಂದಿನ ಸಂಗತಿ ಇದು. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುವುದು ಮುಂತಾದ ಪೂರ್ವಸೂಚನೆಗಳು ಕಾಣಿಸಿಕೊಳ್ಳಲು ಅಲ್ಲಿ ಅವಕಾಶವೇ ಇರುವುದಿಲ್ಲ.

ಈ ಪ್ರಕ್ರಿಯೆ ಎಷ್ಟು ಬೇಗ ಆರಂಭವಾಗುತ್ತದೆ ಎಂಬುದು ಮೊದಲು ಸ್ಪಷ್ಟವಾದದ್ದು ಕೊರಿಯಾ ಯುದ್ಧದ ಕಾಲದಲ್ಲಿ. ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ತಮ್ಮ ವರದಿ ಪ್ರಕಟಿಸಿದರು. ಸೈನಿಕರ ಸರಾಸರಿ ವಯಸ್ಸು 22. ಅವರಲ್ಲಿ ಶೇ 77ರಷ್ಟು ಮಂದಿಯ ಪರಿಧಮನಿಗಳಲ್ಲಿ ಕಾಯಿಲೆಯ ಗುರುತು ಬರಿಗಣ್ಣಿಗೇ ಕಾಣುವಂತಿತ್ತು. ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲುಸಾ ಪಟ್ಟಣದಲ್ಲಿ 1973ರಿಂದ ಮಕ್ಕಳನ್ನು ಅನುಸರಿಸುತ್ತಾ ಬಂದ ಅಧ್ಯಯನವು 1998ರಲ್ಲಿ ಇನ್ನೊಂದು ಅಂಶವನ್ನು ಸೇರಿಸಿತು. ಅಪಘಾತ ಮತ್ತಿತರ ಕಾರಣಗಳಿಂದ ಮೃತಪಟ್ಟ ಮಕ್ಕಳು ಮತ್ತು ಯುವಜನರಲ್ಲಿ ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ ಮುಂತಾದ ಅಪಾಯಕಾರಿ ಅಂಶಗಳ ಸಂಖ್ಯೆ ಹೆಚ್ಚಿದಷ್ಟೂ ನಾಳಗಳಲ್ಲಿ ಕೊಬ್ಬು ಆವರಿಸಿದ ಭಾಗವೂ ಹೆಚ್ಚಿತ್ತು.

ಅಂದರೆ ನಲವತ್ತರಲ್ಲಿ ಬಂದೆರಗುವ ಕಾಯಿಲೆಯ ಲೆಕ್ಕ ಹದಿಹರೆಯದಲ್ಲಿಯೇ ತೆರೆದಿರುತ್ತದೆ.

ದಕ್ಷಿಣ ಏಷ್ಯಾದಲ್ಲಿ ಏಕೆ ಬೇಗ?

ಭಾರತದಲ್ಲಿ 1990ರಲ್ಲಿ ಒಟ್ಟು ಸಾವುಗಳ ಪೈಕಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳ ಪಾಲು ಶೇ 15.2ರಷ್ಟಿತ್ತು. 2016ರ ವೇಳೆಗೆ ಅದು ಶೇ 28.1ಕ್ಕೆ ಏರಿತೆಂದು ರಾಜ್ಯವಾರು ಅಂದಾಜು ತಿಳಿಸಿದೆ. ಆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು 70 ವರ್ಷದೊಳಗಿನವರದು.

ಭಾರತೀಯ ಮೂಲದ ವೈದ್ಯ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ಪುರುಷರಲ್ಲಿ ಶೇ 90, ಮಹಿಳೆಯರಲ್ಲಿ ಶೇ 94ರಷ್ಟನ್ನು ಒಂಬತ್ತು ಅಂಶಗಳಿಂದಲೇ ವಿವರಿಸಬಹುದು ಎಂದು ಅದು ತೋರಿಸಿತು. ರಕ್ತದ ಕೊಬ್ಬಿನ ಅಸಮತೋಲನ, ಧೂಮಪಾನ, ಅಧಿಕ ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಮದ್ಯಪಾನದ ರೀತಿ, ವ್ಯಾಯಾಮದ ಕೊರತೆ ಹಾಗೂ ಹಣ್ಣು–ತರಕಾರಿಗಳ ಕೊರತೆಯೇ ಆ ಒಂಬತ್ತು ಅಂಶಗಳು.

ಇದೇ ಅಧ್ಯಯನದ ದಕ್ಷಿಣ ಏಷ್ಯಾ ಭಾಗದ ವಿಶ್ಲೇಷಣೆ 2007ರಲ್ಲಿ ಹೊರಬಂದಿತು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಇಲ್ಲಿ 53; ಉಳಿದ ದೇಶಗಳಲ್ಲಿ ಸುಮಾರು 59. ಈ ಆರು ವರ್ಷಗಳ ಅಂತರಕ್ಕೆ ಯಾವುದೋ ನಿಗೂಢ ಕಾರಣವಿಲ್ಲ, ಗೊತ್ತಿರುವ ಅಪಾಯಗಳೇ ಇಲ್ಲಿ ಬೇಗ ಬಂದು ಸೇರುತ್ತವೆ ಎಂಬುದು ಅದರ ಮುಖ್ಯ ನಿಷ್ಕರ್ಷೆ. ಹೃದಯಾಘಾತ ಆಗದವರ ಗುಂಪನ್ನೇ ನೋಡಿದರೂ ಪ್ರತಿದಿನ ಹಣ್ಣು ಮತ್ತು ತರಕಾರಿ ತಿನ್ನುವವರ ಪ್ರಮಾಣ ದಕ್ಷಿಣ ಏಷ್ಯಾದಲ್ಲಿ ಶೇ 26.5 ಇದ್ದರೆ, ಉಳಿದೆಡೆ ಶೇ 45.2ರಷ್ಟಿತ್ತು. ಸಸ್ಯಾಹಾರದ ನಾಡು ಎಂದು ಹೆಸರಾದ ಪ್ರದೇಶದಲ್ಲಿ ಸಸ್ಯಗಳನ್ನೇ ಕಡಿಮೆ ತಿನ್ನಲಾಗುತ್ತಿದೆ ಎಂಬುದು ಈ ಅಂಕಿಗಳ ಅರ್ಥ.

ದೇಹರಚನೆಯ ಪಾತ್ರವೂ ಇಲ್ಲಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಶರೀರಗಳ ಹೋಲಿಕೆಯನ್ನೇ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಶರೀರ ಭಾರತೀಯರಲ್ಲಿ ಸಾಮಾನ್ಯ. ‘ನಾನು ದಪ್ಪಗಿಲ್ಲ, ನನಗೇನೂ ಆಗದು’ ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ.

ಅನ್ನ, ಮೈದಾ, ಸಕ್ಕರೆ

ಹೃದ್ರೋಗ ಎಂದೊಡನೆ ಜನ ನೆನೆಯುವುದು ತುಪ್ಪ, ಮಾಂಸ, ಮೊಟ್ಟೆಗಳನ್ನು. ಭಾರತೀಯರ ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚಿನ ಜಾಗ ಹಿಡಿದಿರುವುದು ಪಿಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಸಮೀಕ್ಷೆಯ ಅಂಗವಾಗಿ 18,090 ವಯಸ್ಕರ ಆಹಾರವನ್ನು ಪರಿಶೀಲಿಸಿದ ವರದಿ 2025ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ಭಾರತೀಯರಿಗೆ ದೊರೆಯುವ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟದಿಂದ ಬರುತ್ತದೆ, ಪ್ರೋಟೀನಿನ ಪಾಲು ಶೇ 12 ಮಾತ್ರ. ಆ ಪಿಷ್ಟದ ಬಹುಭಾಗ ಪಾಲಿಶ್ ಮಾಡಿದ ಅಕ್ಕಿ, ಬೀಸಿದ ಗೋಧಿ ಮತ್ತು ಸಕ್ಕರೆಯಿಂದ ಬಂದದ್ದು.

ಬೆಂಗಳೂರಿನ ಯುವ ಉದ್ಯೋಗಿಯೊಬ್ಬನ ದಿನವನ್ನು ಊಹಿಸಿಕೊಂಡರೆ ಈ ಅಂಕಿಗಳು ಅರ್ಥವಾಗುತ್ತವೆ. ಬೆಳಿಗ್ಗೆ ದರ್ಶಿನಿಯಲ್ಲಿ ಖಾರಾಬಾತ್–ಕೇಸರಿಬಾತ್ ಅಥವಾ ಸೆಟ್ ದೋಸೆ. ಹನ್ನೊಂದಕ್ಕೆ ಕಾಫಿಯೊಂದಿಗೆ ಬಿಸ್ಕತ್ತು. ಮಧ್ಯಾಹ್ನ ಅನ್ನ–ಸಾಂಬಾರು, ಅದೇ ತಟ್ಟೆಯಲ್ಲಿ ಮತ್ತೆ ಅನ್ನ–ರಸಂ. ಸಂಜೆ ಬೇಕರಿಯ ಪಫ್ಸ್ ಅಥವಾ ಖಾರಾ ಬನ್. ರಾತ್ರಿ ಮೊಬೈಲ್ ಆ್ಯಪ್‌ನಲ್ಲಿ ತರಿಸಿದ ಫ್ರೈಡ್ ರೈಸ್. ಈ ಪಟ್ಟಿಯಲ್ಲಿ ಮಾಂಸವಿಲ್ಲ, ತುಪ್ಪವೂ ಹೆಚ್ಚಿಲ್ಲ. ಆದರೆ ರವೆ, ಅಕ್ಕಿ, ಮೈದಾ, ಸಕ್ಕರೆಗಳೇ ಐದು ಹೊತ್ತೂ ಮರಳಿ ಬಂದಿವೆ. ಸೊಪ್ಪು, ಕಾಳು, ಹಣ್ಣು ನೆಪಮಾತ್ರಕ್ಕೂ ಇಲ್ಲ.

ನಾರು ತೆಗೆದ ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅದನ್ನು ನಿಭಾಯಿಸಲು ದೇಹ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದ ಪಿಷ್ಟವನ್ನು ಯಕೃತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಪರಿವರ್ತಿಸುತ್ತದೆ. ಅದು ಏರಿದಂತೆ ನಾಳಗಳಿಗೆ ರಕ್ಷಣೆಯ ಸೂಚಕವಾದ ಎಚ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯುತ್ತದೆ. ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಾಂದ್ರವಾಗುತ್ತವೆ. ಒಟ್ಟು ಕೊಲೆಸ್ಟ್ರಾಲ್ ‘ಸಹಜ’ ಎಂದು ವರದಿ ಹೇಳುತ್ತಿರುವಾಗಲೂ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವುದು ಭಾರತೀಯರಲ್ಲಿ ಸಾಮಾನ್ಯವಾಗಿ ಕಂಡುಬರುವ ಸ್ಥಿತಿ.

ಇದಕ್ಕೆ ಪರಿಹಾರವಾಗಿ ಸಿರಿಧಾನ್ಯಗಳನ್ನು ಸೂಚಿಸುವುದು ಈಗ ವಾಡಿಕೆಯಾಗಿದೆ. ರಾಗಿ, ಜೋಳಗಳಲ್ಲಿ ನಾರಿನಂಶ ಪಾಲಿಶ್ ಅಕ್ಕಿಗಿಂತ ಹೆಚ್ಚು ಎಂಬುದು ನಿಜ. ದೇಶದಲ್ಲಿ ಸಿರಿಧಾನ್ಯಗಳು ಇಂದಿಗೂ ಪ್ರಮುಖ ಆಹಾರವಾಗಿ ಉಳಿದಿರುವ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು ಎಂದು ಇದೇ ಸಮೀಕ್ಷೆ ಗುರುತಿಸಿದೆ. ಆದರೆ ಒಟ್ಟು ಪಿಷ್ಟವನ್ನು ಕಡಿಮೆ ಮಾಡದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದಂತೆ ಕಂಡುಬಂದಿಲ್ಲ. ಪಿಷ್ಟದಿಂದ ಬರುವ ಶಕ್ತಿಯಲ್ಲಿ ಶೇ 5ರಷ್ಟನ್ನು ಬೇಳೆಕಾಳು, ಹಾಲು, ಮೊಟ್ಟೆ, ಮೀನುಗಳ ಪ್ರೋಟೀನಿಗೆ ಬದಲಾಯಿಸಿದರೆ ಅಪಾಯ ಕಡಿಮೆಯಾಗುವ ಸೂಚನೆ ಸಿಕ್ಕಿದೆ. ಮುದ್ದೆ ಒಳ್ಳೆಯದು, ಎರಡು ಮುದ್ದೆಯ ಮೇಲೆ ಒಂದು ತಟ್ಟೆ ಅನ್ನ ಬಡಿಸಿಕೊಂಡರೆ ಆ ಒಳ್ಳೆಯತನ ಲೆಕ್ಕಕ್ಕೆ ಬಾರದು.

ಹೊಲದ ದುಡಿಮೆಗೆ ಒಗ್ಗಿದ್ದ ಅನ್ನದ ಪ್ರಮಾಣವೇ ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕುಳಿತುಕೊಳ್ಳುವವರ ತಟ್ಟೆಯಲ್ಲೂ ಉಳಿದುಕೊಂಡಿರುವುದು ನಗರದ ಸಮಸ್ಯೆಯ ತಿರುಳು.

ಸೊಪ್ಪಿನ ಲೆಕ್ಕ

ಆಹಾರ ಮತ್ತು ಹೃದಯಾಘಾತದ ಬಗ್ಗೆ ಭಾರತದಲ್ಲಿಯೇ ನಡೆದ ಮಹತ್ವದ ಅಧ್ಯಯನಗಳಲ್ಲಿ ಒಂದಕ್ಕೆ ಬೆಂಗಳೂರಿನ ನಂಟಿದೆ. ನವದೆಹಲಿ ಮತ್ತು ಬೆಂಗಳೂರಿನ ಎಂಟು ಆಸ್ಪತ್ರೆಗಳಲ್ಲಿ ಹೃದಯಾಘಾತವಾದ 350 ಮಂದಿ ಮತ್ತು ಆಗದ 700 ಮಂದಿಯ ಊಟದ ವಿವರಗಳನ್ನು ಹೋಲಿಸಿ 2004ರಲ್ಲಿ ವರದಿ ಪ್ರಕಟಿಸಲಾಯಿತು. ವಾರಕ್ಕೆ ಮೂರೂವರೆ ಪಾಲಿನಷ್ಟು ಸೊಪ್ಪು ತಿನ್ನುತ್ತಿದ್ದವರಲ್ಲಿ, ಅರ್ಧ ಪಾಲಷ್ಟೇ ತಿನ್ನುತ್ತಿದ್ದವರಿಗಿಂತ ಹೃದಯಾಘಾತದ ಸಂಭವ ಶೇ 67ರಷ್ಟು ಕಡಿಮೆ ಇತ್ತು. ಇಂಥ ಹೋಲಿಕೆಯ ಅಧ್ಯಯನ ಕಾರಣವನ್ನು ಸಾಬೀತುಪಡಿಸಲಾರದು. ಸೊಪ್ಪು ತಿನ್ನುವವರು ಬೇರೆ ವಿಷಯಗಳಲ್ಲೂ ಎಚ್ಚರದಿಂದಿರಬಹುದು. ಆದರೂ ಈ ಫಲಿತಾಂಶ ಇಂಟರ್‌ಹಾರ್ಟ್‌ನ ಹಣ್ಣು–ತರಕಾರಿ ಲೆಕ್ಕದೊಂದಿಗೆ ಹೊಂದಿಕೊಳ್ಳುತ್ತದೆ.

ಕರ್ನಾಟಕದ ಮಟ್ಟಿಗೆ ಇದು ಹೊಸದಾಗಿ ಕಲಿಯಬೇಕಾದ ಪಾಠವಲ್ಲ. ಹಳೆ ಮೈಸೂರು ಭಾಗದ ಬಸ್ಸಾರು, ಮಸ್ಸೊಪ್ಪು, ಉಪ್ಪೆಸರುಗಳಲ್ಲಿ ಸೊಪ್ಪು ಮತ್ತು ಕಾಳು ಒಟ್ಟಿಗೇ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಮಡಿಕೆಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಶೇಂಗಾ ಹಾಗೂ ಅಗಸಿ ಚಟ್ನಿ ಇರುತ್ತವೆ. ಅಗಸೆ ಬೀಜದಲ್ಲಿ ಒಮೆಗಾ–3 ವರ್ಗದ ಕೊಬ್ಬು ಹೇರಳವಾಗಿದೆ. ಕರಾವಳಿಯ ಕುಚ್ಚಲಕ್ಕಿ ಗಂಜಿಯ ಜೊತೆಗಿನ ಬಂಗುಡೆ, ಬೂತಾಯಿ ಮೀನುಗಳೂ ಇದೇ ವರ್ಗದ ಕೊಬ್ಬಿನ ಒಳ್ಳೆಯ ಮೂಲಗಳು. ನಗರಕ್ಕೆ ಬಂದ ಯುವಜನರು ಇವುಗಳನ್ನು ಇಷ್ಟವಿಲ್ಲದೆ ಬಿಟ್ಟದ್ದು ಕಡಿಮೆ. ಬಾಡಿಗೆ ಕೋಣೆಯಲ್ಲಿ, ಪಿ.ಜಿ. ವಸತಿಗಳಲ್ಲಿ ಸೊಪ್ಪು ಬಿಡಿಸಿ ತೊಳೆಯಲು ಬಿಡುವಾಗಲಿ ಅಡುಗೆಮನೆಯಾಗಲಿ ಇಲ್ಲ. ಹೋಟೆಲುಗಳಲ್ಲಿ ಅದು ಸುಲಭವಾಗಿ ಸಿಗುವುದೂ ಇಲ್ಲ.

ತುಪ್ಪ, ಎಣ್ಣೆ, ವನಸ್ಪತಿ

ಕೊಬ್ಬುಗಳೆಲ್ಲ ಒಂದೇ ಬಗೆಯವಲ್ಲ. ತುಪ್ಪ, ಬೆಣ್ಣೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿರುವ ಪರ್ಯಾಪ್ತ ಕೊಬ್ಬು ಎಲ್‌ಡಿಎಲ್ ಅನ್ನು ಏರಿಸುತ್ತದೆ. ಶೇಂಗಾ, ಸೂರ್ಯಕಾಂತಿ, ಸಾಸಿವೆ, ಎಳ್ಳಿನ ಎಣ್ಣೆಗಳಲ್ಲಿ ಅಪರ್ಯಾಪ್ತ ಕೊಬ್ಬು ಹೆಚ್ಚು. ಬಿಸಿ ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿಕೊಳ್ಳುವುದು ಒಂದು ಮಾತು. ತಟ್ಟೆಯ ಅಂಚಿಗೆ ಹರಿಯುವಷ್ಟು ಬೆಣ್ಣೆ ಸುರಿದ ದೋಸೆ, ತುಪ್ಪದಲ್ಲಿ ಮುಳುಗಿದ ಪುಡಿ ಇಡ್ಲಿಗಳನ್ನು ವಾರಕ್ಕೆ ನಾಲ್ಕು ಸಲ ತಿನ್ನುವುದು ಬೇರೆಯೇ ಮಾತು.

ಎಲ್ಲಕ್ಕಿಂತ ಹಾನಿಕರವಾದುದು ಟ್ರಾನ್ಸ್ ಕೊಬ್ಬು. ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡುವಾಗ ಇದು ಉತ್ಪತ್ತಿಯಾಗುತ್ತದೆ. ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದರ ಜೊತೆಗೆ ಒಳ್ಳೆಯದನ್ನು ಇಳಿಸುವುದು ಇದರ ಗುಣ. ವನಸ್ಪತಿ ಬಳಸಿದ ಬೇಕರಿ ತಿನಿಸುಗಳು ದಶಕಗಳ ಕಾಲ ಇದರ ಮುಖ್ಯ ಮೂಲವಾಗಿದ್ದವು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರ ಜನವರಿಯಿಂದ ಶೇ 3ಕ್ಕೆ, 2022ರ ಜನವರಿಯಿಂದ ಶೇ 2ಕ್ಕೆ ಇಳಿಸಿತು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಆದರೆ ಒಂದೇ ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗಲೂ ಹಾನಿಕರ ಸಂಯುಕ್ತಗಳು ಹುಟ್ಟುತ್ತವೆ. ಅವುಗಳ ಪ್ರಮಾಣ ಶೇ 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ರಸ್ತೆ ಬದಿಯ ಬಜ್ಜಿ, ಬೋಂಡಾ, ಗೋಬಿ ಮಂಚೂರಿ ಅಂಗಡಿಗಳಲ್ಲಿ ಇದನ್ನು ಅಳೆಯುವವರಿಲ್ಲ. ಎಣ್ಣೆ ಕಪ್ಪಾಗಿ, ನೊರೆಗಟ್ಟಿ, ಹೊಗೆಯಾಡುತ್ತಿದ್ದರೆ ಅಲ್ಲಿಂದ ಮುಂದೆ ಸಾಗುವುದು ಲೇಸು.

ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ರಾಷ್ಟ್ರೀಯ ಸಮೀಕ್ಷೆಯೊಂದರ ಅಂಗವಾಗಿ ನಡೆದ ಮೂತ್ರ ಪರೀಕ್ಷೆಗಳ ಪ್ರಕಾರ ಭಾರತೀಯರು ಸರಾಸರಿ 8 ಗ್ರಾಂ ಸೇವಿಸುತ್ತಾರೆ. ಹೆಚ್ಚಿನ ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ. ಏರಿದ ಒತ್ತಡ ನಾಳಗಳ ಒಳಪದರವನ್ನು ಗಾಸಿಗೊಳಿಸಿ ಕೊಬ್ಬು ನುಸುಳಲು ದಾರಿ ಮಾಡಿಕೊಡುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಸಾಲಿಗೆ ಈಗ ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ಸಾಸ್‌ಗಳು ಸೇರಿವೆ. ಇಪ್ಪತ್ತೆಂಟರ ಯುವಕನಲ್ಲಿ ರಕ್ತದೊತ್ತಡ ಏರಿದ್ದರೂ ಅದು ನೋವು ಕೊಡುವುದಿಲ್ಲ, ಅಳೆಯದೆ ತಿಳಿಯುವುದಿಲ್ಲ.

ಪೊಟ್ಟಣದ ಆಹಾರ ಮತ್ತು ಹೊತ್ತು ತಪ್ಪಿದ ಊಟ

ಕೇಂದ್ರ ಸರ್ಕಾರದ 2024–25ರ ಆರ್ಥಿಕ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅತಿಸಂಸ್ಕರಿತ ಆಹಾರಗಳ ಚಿಲ್ಲರೆ ಮಾರಾಟ 2006ರಲ್ಲಿ 90 ಕೋಟಿ ಡಾಲರ್ ಇದ್ದದ್ದು 2019ರಲ್ಲಿ ಸುಮಾರು 3,790 ಕೋಟಿ ಡಾಲರ್‌ಗೆ ಏರಿತು. ಇಂಥ ಆಹಾರದ ಪರಿಣಾಮವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2019ರಲ್ಲಿ ನೇರವಾಗಿ ಪರೀಕ್ಷಿಸಿತು. ಇಪ್ಪತ್ತು ಮಂದಿಯನ್ನು ನಾಲ್ಕು ವಾರ ಸಂಸ್ಥೆಯಲ್ಲಿಯೇ ಇರಿಸಿಕೊಂಡು ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸರಳವಾಗಿ ಬೇಯಿಸಿದ ಆಹಾರ ನೀಡಲಾಯಿತು. ಬಡಿಸಿದ ಎರಡೂ ಬಗೆಯಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರಿನ ಪ್ರಮಾಣ ಸಮಾನವಾಗಿತ್ತು. ಎಷ್ಟು ಬೇಕಾದರೂ ತಿನ್ನುವ ಸ್ವಾತಂತ್ರ್ಯವಿತ್ತು. ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರಗಳಲ್ಲಿ ತೂಕ ಸರಾಸರಿ 0.9 ಕಿಲೊ ಏರಿತು.

ದೀರ್ಘಕಾಲದ ಪರಿಣಾಮವನ್ನು ತೋರಿಸಿದ್ದು ‘ಕಾರ್ಡಿಯಾ’ ಅಧ್ಯಯನ. ಅಮೆರಿಕದ ನಾಲ್ಕು ನಗರಗಳಲ್ಲಿ 18ರಿಂದ 30 ವರ್ಷದ 5,115 ಮಂದಿಯನ್ನು 1985–86ರಲ್ಲಿ ನೋಂದಾಯಿಸಿ ದಶಕಗಳ ಕಾಲ ಗಮನಿಸಲಾಯಿತು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಫಾಸ್ಟ್‌ಫುಡ್ ಮಳಿಗೆಗಳಿಗೆ ಹೋಗುತ್ತಿದ್ದವರ ತೂಕ, ವಾರಕ್ಕೆ ಒಂದು ಸಲವೂ ಹೋಗದವರಿಗಿಂತ 15 ವರ್ಷಗಳಲ್ಲಿ 4.5 ಕಿಲೊ ಹೆಚ್ಚಾಗಿತ್ತು. ಅವರ ದೇಹ ಇನ್ಸುಲಿನ್‌ಗೆ ಸ್ಪಂದಿಸದ ಸ್ಥಿತಿಯೂ ದುಪ್ಪಟ್ಟು ವೇಗದಲ್ಲಿ ಬೆಳೆದಿತ್ತು. ವರ್ಷಕ್ಕೆ ಲೆಕ್ಕ ಹಾಕಿದರೆ ಅದು ಮುನ್ನೂರು ಗ್ರಾಂ ಮಾತ್ರ. ಯಾವ ವರ್ಷವೂ ಗಮನಕ್ಕೆ ಬಾರದ ಏರಿಕೆ ಅದು.

ಪಾನೀಯಗಳ ಸಕ್ಕರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಲೋಟ ಕಾಫಿಯಿಂದ ಸುಮಾರು 40 ಗ್ರಾಂ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಸೂಚಿಸಿರುವ ಮಿತಿ ದಿನಕ್ಕೆ 25 ಗ್ರಾಂ.

ಊಟದ ವೇಳೆಯೂ ಬದಲಾಗಿದೆ. ರಾತ್ರಿ ಪಾಳಿಯ ಕಾಲ್‌ಸೆಂಟರ್, ಐಟಿ, ಆಸ್ಪತ್ರೆ, ಕಾರ್ಖಾನೆ ನೌಕರರು, ಟ್ಯಾಕ್ಸಿ ಚಾಲಕರು ಊಟ ಮಾಡುವುದು ದೇಹ ವಿಶ್ರಾಂತಿ ಬಯಸುವ ಹೊತ್ತಿನಲ್ಲಿ. ಪಾಳಿ ಕೆಲಸ ಮಾಡುವವರಲ್ಲಿ ಹೃದಯಾಘಾತದ ಅಪಾಯ ಶೇ 23ರಷ್ಟು ಹೆಚ್ಚು ಎಂದು 34 ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆ ಹೇಳಿದೆ. ನಿದ್ರೆಗೇಡು, ಧೂಮಪಾನ, ಒತ್ತಡಗಳೂ ಇದರಲ್ಲಿ ಬೆರೆತಿವೆ.

ಆಹಾರವೊಂದೇ ಕಾರಣವಲ್ಲ

ಊಟ ಸರಿಪಡಿಸಿಕೊಂಡರೆ ಸಾಕು ಎಂದು ಭಾವಿಸುವುದೂ ತಪ್ಪು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯಾಘಾತದ ಪ್ರಮುಖ ಕಾರಣವಾಗಿ ಕಂಡದ್ದು ಸಿಗರೇಟು ಮತ್ತು ಬೀಡಿ. ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ 2017ರಿಂದ 40 ವರ್ಷದೊಳಗಿನ ಹೃದ್ರೋಗಿಗಳ ದಾಖಲಾತಿ ನಡೆಸುತ್ತಿದೆ. ಅಲ್ಲಿಯೂ ತಂಬಾಕಿನದೇ ಮೊದಲ ಸ್ಥಾನ. ಕಾಫಿಯ ಜೊತೆಗೊಂದು ಸಿಗರೇಟು ಸೇದುವವರಿಗೆ ಸೊಪ್ಪಿನ ಸಾರು ರಕ್ಷಣೆ ಕೊಡಲಾರದು.

ಹಾಸನದ ಸಾವುಗಳ ಬಗ್ಗೆ ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತ್ತು. 2025ರ ಜುಲೈನಲ್ಲಿ ಸಲ್ಲಿಕೆಯಾದ ವರದಿ ಯಾವುದೇ ಒಂದೇ ಕಾರಣವನ್ನು ಗುರುತಿಸಲಿಲ್ಲ. ಕೋವಿಡ್ ಲಸಿಕೆಯೊಂದಿಗೆ ನೇರ ಸಂಬಂಧ ಕಂಡುಬರಲಿಲ್ಲ. ಧೂಮಪಾನ, ಮಧುಮೇಹ, ರಕ್ತದೊತ್ತಡ, ಕೊಲೆಸ್ಟ್ರಾಲ್ ಎಂಬ ಹಳೆಯ ಹೆಸರುಗಳೇ ಮತ್ತೆ ಮುಂದೆ ಬಂದವು.

ಅನುವಂಶೀಯತೆಯನ್ನೂ ಮರೆಯುವಂತಿಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ಅತಿಯಾಗಿರುವ ಸ್ಥಿತಿ ಸುಮಾರು 250 ಮಂದಿಯಲ್ಲಿ ಒಬ್ಬರಿಗಿರುತ್ತದೆ. ಲಿಪೊಪ್ರೋಟೀನ್–ಎ ಎಂಬ ಇನ್ನೊಂದು ಕಣದ ಪ್ರಮಾಣವೂ ವಂಶವಾಹಿಯಿಂದಲೇ ನಿರ್ಧಾರವಾಗುತ್ತದೆ. ಇಂಥವರಿಗೆ ಪಥ್ಯದ ಜೊತೆಗೆ ಔಷಧವೂ ಬೇಕಾಗಬಹುದು. ಹಾಗೆಯೇ ಆಟದ ಮೈದಾನದಲ್ಲಿ ಕುಸಿದು ಬೀಳುವ ಹದಿಹರೆಯದವರ ಸಾವುಗಳ ಹಿಂದೆ ಹೃದಯ ಸ್ನಾಯುವಿನ ಅಥವಾ ವಿದ್ಯುತ್ ಸಂಚಾರದ ಜನ್ಮಜಾತ ದೋಷಗಳಿರಬಹುದು. ಹಠಾತ್ ಹೃದಯ ಸ್ತಂಭನವೆಲ್ಲವೂ ಹೃದಯಾಘಾತವಲ್ಲ. ಅವೆಲ್ಲವನ್ನೂ ಊಟದ ಮೇಲೆ ಹೊರಿಸುವುದು ಮೃತರ ಕುಟುಂಬಗಳಿಗೆ ಮಾಡುವ ಅನ್ಯಾಯ.

ತಟ್ಟೆ ಹೇಗಿರಬೇಕು?

ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ದಿನಕ್ಕೆ 2,000 ಕ್ಯಾಲೊರಿಯ ಆಹಾರಕ್ಕೆ ಪ್ರಮಾಣಗಳನ್ನು ನೀಡಿದೆ. ಬೇಯಿಸುವ ಮೊದಲಿನ ತೂಕದಲ್ಲಿ ಅವು ಹೀಗಿವೆ: ಧಾನ್ಯ ಮತ್ತು ಸಿರಿಧಾನ್ಯ 250 ಗ್ರಾಂ, ಸೊಪ್ಪು–ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ–ಮಾಂಸ 85 ಗ್ರಾಂ, ಬೀಜಗಳು 35 ಗ್ರಾಂ, ಎಣ್ಣೆ–ತುಪ್ಪ 27 ಗ್ರಾಂ, ಹಾಲು–ಮೊಸರು 300 ಮಿಲಿಲೀಟರ್. ಧಾನ್ಯಕ್ಕಿಂತ ಸೊಪ್ಪು–ತರಕಾರಿಯ ತೂಕ ಹೆಚ್ಚಿರುವುದನ್ನು ಗಮನಿಸಬೇಕು. ಬಹುತೇಕ ಮನೆಗಳಲ್ಲಿ ಇದು ತಲೆಕೆಳಗಾಗಿದೆ.

ಇದನ್ನು ಪಾಲಿಸಲು ದುಬಾರಿ ಓಟ್ಸ್, ಆಲಿವ್ ಎಣ್ಣೆ, ಆವಕಾಡೊಗಳ ಅಗತ್ಯವಿಲ್ಲ. ಅನ್ನದ ಪ್ರಮಾಣವನ್ನು ಅರ್ಧಕ್ಕಿಳಿಸಿ ಆ ಜಾಗದಲ್ಲಿ ಪಲ್ಯ, ಕೋಸಂಬರಿ, ಹುರುಳಿ ಅಥವಾ ಅವರೆಕಾಳಿನ ಸಾರು ತುಂಬಿಸಬಹುದು. ಪಿ.ಜಿ. ವಾಸಿಗಳು ಮೊಳಕೆಕಾಳು, ಸೌತೆಕಾಯಿ, ಸೀಬೆ, ಬಾಳೆಹಣ್ಣು, ಹುರಿದ ಶೇಂಗಾ, ಬೇಯಿಸಿದ ಮೊಟ್ಟೆಗಳನ್ನು ಒಲೆಯ ತಾಪತ್ರಯ ಹೆಚ್ಚಿಲ್ಲದೆ ಹೊಂದಿಸಿಕೊಳ್ಳಬಹುದು. ಹೋಟೆಲಿನಲ್ಲಿ ಪೂರಿಯ ಬದಲು ಇಡ್ಲಿ ತೆಗೆದುಕೊಂಡು ಎರಡು ಬಟ್ಟಲು ಸಾಂಬಾರು ಕೇಳುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಕಾರ್ಡಿಯಾದಲ್ಲಿ ನೋಂದಾಯಿತರಾದವರನ್ನು 32 ವರ್ಷ ಅನುಸರಿಸಿದ 2021ರ ವರದಿಯಲ್ಲಿ, ಸಸ್ಯ ಪ್ರಧಾನವಾದ ಉತ್ತಮ ಆಹಾರ ಕ್ರಮ ಪಾಲಿಸಿದವರಲ್ಲಿ ಹೃದ್ರೋಗದ ಅಪಾಯ, ಅದನ್ನು ತೀರಾ ಕಡಿಮೆ ಪಾಲಿಸಿದವರಿಗಿಂತ ಶೇ 52ರಷ್ಟು ಕಡಿಮೆ ಇತ್ತು.

‘ಗ್ಯಾಸ್ಟ್ರಿಕ್’ ಎಂಬ ಭ್ರಮೆ

ಯುವಜನರ ಸಾವಿಗೆ ಕಾರಣವಾಗುವ ಇನ್ನೊಂದು ಅಂಶವೆಂದರೆ ತಡ. ಎದೆಯಲ್ಲಿ ಉರಿ, ಬಿಗಿತ ಕಾಣಿಸಿಕೊಂಡಾಗ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು, ಔಷಧದಂಗಡಿಯ ಮಾತ್ರೆ ನುಂಗಿ ಮಲಗುವವರು ಬಹಳ. ಎದೆಯ ನಡುವೆ ಭಾರ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ, ವಾಕರಿಕೆ ಇದ್ದರೆ ವಯಸ್ಸು ಇಪ್ಪತ್ತೈದಾಗಿದ್ದರೂ ಕೂಡಲೇ ಇಸಿಜಿ ಮಾಡಿಸಬೇಕು. ಮಹಿಳೆಯರಲ್ಲಿ ನೋವಿಗಿಂತ ಸುಸ್ತು, ವಾಕರಿಕೆಗಳೇ ಮುಂದಾಗಿ ಕಾಣಬಹುದು.

ರಾಜ್ಯ ಸರ್ಕಾರ 2024ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ದೂರದಿಂದಲೇ ಪರಿಶೀಲಿಸಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆ ಇದೆ. ಮೊದಲ ಗಂಟೆಯಲ್ಲಿ ಆಸ್ಪತ್ರೆ ಸೇರಿದವರಿಗೆ ಇದರ ಪ್ರಯೋಜನ ಹೆಚ್ಚು. ಸೋಡಾ ಕುಡಿದು ಮಲಗಿದವರಿಗೆ ಆ ಗಂಟೆ ಮರಳಿ ಸಿಗುವುದಿಲ್ಲ.

ಗಮನದಲ್ಲಿಡಬೇಕಾದ ಅಂಶಗಳು

* ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರಬಾರದು. ತೂಕದ ಸೂಚ್ಯಂಕ 23ರೊಳಗಿರಲಿ.

* ಮೊದಲ ಕೊಲೆಸ್ಟ್ರಾಲ್ ಪರೀಕ್ಷೆಯನ್ನು 18ನೇ ವಯಸ್ಸಿಗೇ ಮಾಡಿಸಬೇಕು ಎಂಬುದು ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಸಲಹೆ. ಸಾಮಾನ್ಯ ಅಪಾಯದವರಲ್ಲಿ ಎಲ್‌ಡಿಎಲ್ 100ಕ್ಕಿಂತ ಕಡಿಮೆ ಇರಬೇಕು. ಲಿಪೊಪ್ರೋಟೀನ್–ಎ ಪರೀಕ್ಷೆ ಜೀವನದಲ್ಲಿ ಒಮ್ಮೆ ಸಾಕು.

* ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದ್ರೋಗ ಬಂದಿದ್ದರೆ ವೈದ್ಯರಿಗೆ ತಿಳಿಸಬೇಕು.

* ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು. ಉಪವಾಸದ ಸಕ್ಕರೆ 100ರೊಳಗಿದ್ದರೆ ಸಹಜ; 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹದ ಸೂಚನೆ.

* ತಂಬಾಕನ್ನು ಪೂರ್ಣವಾಗಿ ತ್ಯಜಿಸದೆ ಮಾಡುವ ಯಾವ ಪಥ್ಯವೂ ಅರ್ಧ ಕೆಲಸವೇ.

* ವಾರಕ್ಕೆ ನಾಲ್ಕು ದಿನವಾದರೂ ಸೊಪ್ಪು, ಪ್ರತಿದಿನ ಒಂದು ಹಣ್ಣು, ಪ್ರತಿ ಊಟದಲ್ಲೂ ಬೇಳೆ ಅಥವಾ ಕಾಳು ಇರಲಿ.

* ಎದೆನೋವು ಕಾಣಿಸಿಕೊಂಡರೆ ಸ್ವಂತ ವಾಹನ ಚಲಾಯಿಸದೆ 108ಕ್ಕೆ ಕರೆ ಮಾಡಬೇಕು.